ಈಗ ಏನು ಕಾಣ್ತಿದೆ?

“ಈ ಮುಖ ಗಾಡಿ ಮೇಲೆ ಹೋಗೋದು ಬೇಡ,” ಎಂದು ಅಕ್ಕ ತಮ್ಮ ಮಗಳ ಕೈಯಲ್ಲಿದ್ದ ಫೋಟೋ ಕಿತ್ತುಕೊಂಡು, ಕುರ್ಚಿಯ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿಬಿಟ್ಟರು.

ಮಗಳು ಆ ಫೋಟೋಗಾಗಿ ಬೆಳಗಿನಿಂದ ಓಡಾಡಿದ್ದಳು. ಅಪ್ಪನ ಗುರುತಿನ ಚೀಟಿಯಲ್ಲಿದ್ದ ಉಗುರಿನಷ್ಟು ಚಿತ್ರವನ್ನು ಸ್ಟುಡಿಯೋದವನು ಹಿಗ್ಗಿಸಿ ಹಿಗ್ಗಿಸಿ, ಚೌಕಟ್ಟು ಹಾಕಿ ಕೊಟ್ಟಿದ್ದ. ಹಿಗ್ಗಿದ್ದು ಮುಖವಲ್ಲ, ಮುಖದ ಮೇಲಿದ್ದ ಗಾಬರಿ. ಏನೋ ಕದ್ದು ಸಿಕ್ಕಿಬಿದ್ದವನ ಹಾಗೆ ಅಪ್ಪ ಅದರಲ್ಲಿ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು.

“ಅಮ್ಮ, ಬೇರೆ ಫೋಟೋ ಎಲ್ಲಿದೆ ಹೇಳು? ಅಪ್ಪ ಊರಿನವರದ್ದೆಲ್ಲ ತೆಗೆದ್ರು, ತಾವು ಮಾತ್ರ ಒಂದಿನ ನಿಂತ್ಕೊಳ್ಳಲಿಲ್ಲ. ಗಾಡಿ ಬೇರೆ ಬಂದು ಕೆಳಗೆ ನಿಂತಿದೆ.”

“ಇದೆ,” ಎಂದರು ಅಕ್ಕ. “ಕಂಪ್ಯೂಟರ್‌ನಲ್ಲಿದೆ. ಅವರದ್ರಲ್ಲಲ್ಲ, ನನ್ನದ್ರಲ್ಲಿ.”

ಪಿಸುಗುಟ್ಟುತ್ತಿದ್ದ ಕೋಣೆ ಗಪ್‌ಚಿಪ್ಪಾಯಿತು. ಟೈಲರ್ ಬೇಕರಿಯಮ್ಮನ ಮುಖ ನೋಡಿದ. ಬೇಕರಿಯಮ್ಮ ಹಲ್ಲಿನ ಡಾಕ್ಟರ ಮುಖ ನೋಡಿದರು. ಡಾಕ್ಟರು ನೋಡಲು ಯಾರೂ ಸಿಗದೆ, ಕೋಣೆಯ ನಡುವೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಮೇಷ್ಟ್ರನ್ನೇ ನೋಡಿದರು. ಬೀದಿಗೆ ಬೀದಿಯೇ ಕಂಪ್ಯೂಟರ್ ಕಲಿತದ್ದು ಈ ಮನೆಯಲ್ಲಿ. ಕೀಬೋರ್ಡಿನ ಹತ್ತಿರವೂ ಸುಳಿಯದಿದ್ದ ಒಂದೇ ಜೀವವೆಂದರೆ ಮೇಷ್ಟ್ರ ಹೆಂಡತಿ, ಎಲ್ಲರ ಬಾಯಲ್ಲೂ ಅಕ್ಕ ಆಗಿದ್ದ ಈ ಅಕ್ಕ. ಅವರು ಆ ಯಂತ್ರಕ್ಕೆ ಮಾಡುತ್ತಿದ್ದ ಸೇವೆಯೆಂದರೆ ವಾರಕ್ಕೊಮ್ಮೆ ಅದರ ಧೂಳು ಒರೆಸುವುದು. ಅದನ್ನೂ ಬೈದುಕೊಂಡೇ ಒರೆಸುತ್ತಿದ್ದರು.

ಮೇಷ್ಟ್ರು ಎಂದರೂ ಆತ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಲಿಫ್ಟ್ ಮೆಕ್ಯಾನಿಕ್ ಆಗಿದ್ದರು. ನಿವೃತ್ತರಾದ ಮೇಲೆ ಕೈಗೆ ಕೆಲಸವಿಲ್ಲದೆ, ಜನ ಮೂಲೆಗೆಸೆದ ಹಳೆಯ ಕಂಪ್ಯೂಟರುಗಳನ್ನು ಎತ್ತಿ ತರತೊಡಗಿದರು. ‘ನಿಮ್ಮ ಯಂತ್ರಕ್ಕೆ ವಯಸ್ಸಾಯಿತು, ಹೊಸದು ತನ್ನಿ’ ಎಂದು ಪರದೆಯ ಮೇಲೆ ಬರೆದುಕೊಂಡು ಮುಷ್ಕರ ಹೂಡಿದ ಯಂತ್ರಗಳವು. ಅವುಗಳಲ್ಲಿದ್ದದ್ದನ್ನು ತೆಗೆದು ಮೇಷ್ಟ್ರು ಲಿನಕ್ಸ್ ಹಾಕುತ್ತಿದ್ದರು. ಅದೂ ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆಯೇ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ಮುದಿ ಯಂತ್ರವೂ ಅದರಡಿ ಹರೆಯ ಬಂದಂತೆ ಓಡುತ್ತದೆ. ಅದರ ಗುರುತು ಒಂದು ಪೆಂಗ್ವಿನ್. ಮೇಷ್ಟ್ರು ನಡೆಯುತ್ತಿದ್ದದ್ದು ಕೈ ಹಿಂದೆ ಕಟ್ಟಿ, ಹೊಟ್ಟೆ ಮುಂದೆ ಬಿಟ್ಟು, ಅತ್ತಿತ್ತ ವಾಲುತ್ತ. ಪೆಂಗ್ವಿನ್ ಮೇಷ್ಟ್ರು ಎಂಬ ಹೆಸರು ಹೇಗೆ ಬಂತೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

“ಅಕ್ಕ, ನೀವು ಕೂತಿರಿ. ಎಲ್ಲಿದೆ ಹೇಳಿ, ನಾನು ಕ್ಷಣದಲ್ಲಿ ತೆಗೆದುಕೊಡ್ತೀನಿ,” ಎಂದು ಟೈಲರ್ ಅಂಗಿಯ ತೋಳು ಮಡಚಿದ.

“ನೀನು ತೆಗೆಯೋಕೆ ಹೋದ್ರೆ ಇದ್ದದ್ದೂ ಹೋಗುತ್ತೆ, ಬಿಡಪ್ಪ. ನಾನು ನೋಡ್ತೀನಿ,” ಎಂದರು ಬೇಕರಿಯಮ್ಮ.

“ಯಾರೂ ಮುಟ್ಟಕೂಡದು,” ಎಂದರು ಅಕ್ಕ. “ನನ್ನ ಪಾಸ್‌ವರ್ಡು ನನಗೊಬ್ಬಳಿಗೇ ಗೊತ್ತು. ನಾನೇ ತೆಗೀತೀನಿ.”

*

ಅಕ್ಕ ಕೂಡ ಒಂದು ಕಾಲಕ್ಕೆ ಕೀಲಿಗಳ ಮೇಲೆ ಬೆರಳು ಕುಣಿಸಿದವರೇ. ನೀರು ಸರಬರಾಜು ಕಚೇರಿಯಲ್ಲಿ ಮನೆಮನೆಯ ಮೀಟರಿನ ಅಂಕಿಗಳನ್ನು ಕೂಡುವ ಯಂತ್ರದಲ್ಲಿ ಒತ್ತುವುದು ಅವರ ಕೆಲಸ. ಕಣ್ಣು ಕಾಗದದ ಮೇಲೆ, ಬಾಯಿ ಪಕ್ಕದವಳ ಜೊತೆ ಹರಟೆಯಲ್ಲಿ, ಬಲಗೈ ಮಾತ್ರ ತನ್ನ ಪಾಡಿಗೆ ತಾನು ಪಟಪಟ ಓಡುತ್ತಿತ್ತು. ತಪ್ಪು ಎನ್ನುವ ಮಾತೇ ಇರಲಿಲ್ಲ.

ಆಮೇಲೆ ಕಚೇರಿಗೆ ಕಂಪ್ಯೂಟರ್ ಬಂತು. ಕಲಿಸಲು ಬಂದವನು ಬಹಳ ಅವಸರದ ಮನುಷ್ಯ. ಅಕ್ಕ ಬಾಣದ ಗುರುತನ್ನು ಹುಡುಕುತ್ತ ಮೌಸನ್ನು ಮೇಜಿನ ಅಂಚಿನಿಂದ ಕೆಳಗೆ ಬೀಳಿಸಿದಾಗ, ಎಲ್ಲರೆದುರು ಅವರ ಕೈಯಿಂದ ಅದನ್ನು ಕಿತ್ತುಕೊಂಡು, “ಬಿಡಿ, ಇದು ನಿಮ್ಮಿಂದಾಗೋ ಕೆಲಸ ಅಲ್ಲ,” ಎಂದುಬಿಟ್ಟ. ಮರುದಿನದಿಂದ ಅಕ್ಕನಿಗೆ ಟಪಾಲು ಅಂಟಿಸುವ ಕೆಲಸ. ನಿವೃತ್ತಿಯವರೆಗೂ ಅಂಟಿಸಿದರು.

ಆ ಸಂಜೆ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದು ಅತ್ತಿದ್ದರು. ಗಂಡ ಸಮಾಧಾನ ಹೇಳುವುದರಲ್ಲಿ ಅಷ್ಟಕ್ಕಷ್ಟೇ. ಎದುರಿಗೆ ಕೂತು ಬಹಳ ಹೊತ್ತು ಯೋಚನೆ ಮಾಡಿ, ಒಂದೇ ಒಂದು ಮಾತು ಕೇಳಿದ್ದರು.

“ಕೈಯಿಂದ ಕಿತ್ಕೊಂಡನಾ?”

“ಹೂಂ.”

“ಥೂ. ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರಿಗೆ ನಾವು ಹೊರಗಿಂದ ಬರೀ ಮಾತಲ್ಲೇ ಹೇಳ್ತೀವಿ. ಬಾಗಿಲು ಮುಚ್ಚಿರುತ್ತೆ, ಒಳಗೆ ಕೈ ಹಾಕೋಕಾಗಲ್ಲ. ಈಗ ಏನು ಕಾಣ್ತಿದೆ, ಯಾವ ದೀಪ ಉರೀತಿದೆ, ಅದನ್ನ ಒತ್ತಿ, ಈಗ ಏನು ಕಾಣ್ತಿದೆ... ಅಷ್ಟೇ. ಅವರೇ ಒತ್ಕೊಂಡು ಅವರೇ ಆಚೆ ಬರ್ತಾರೆ. ನಗ್ತಾ ಬರ್ತಾರೆ.”

ಮುಂದೆ ತಾವೇ ಕಲಿಸಲು ನಿಂತಾಗ ಮೇಷ್ಟ್ರು ಅದನ್ನೇ ಕಟ್ಟುನಿಟ್ಟು ಮಾಡಿಕೊಂಡರು. ಕಲಿಯುವವರು ಕುರ್ಚಿಯಲ್ಲಿ, ಮೇಷ್ಟ್ರು ಅವರ ಹಿಂದೆ, ತಮ್ಮ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು. ಕಲಿಯುವವನು ಕಡತವನ್ನೇ ಅಳಿಸಿಹಾಕಲಿ, ಪರದೆಯನ್ನು ತಲೆಕೆಳಗು ಮಾಡಲಿ, ಕೈ ಮುಂದೆ ಬರುತ್ತಿರಲಿಲ್ಲ. “ಈಗ ಏನು ಕಾಣ್ತಿದೆ?” ಎಂಬ ಪ್ರಶ್ನೆ ಮಾತ್ರ ಬರುತ್ತಿತ್ತು. ಒಮ್ಮೆ ಟೈಲರ್ ತನ್ನ ಅಂಗಡಿಯಲ್ಲಿ ಕೂತು ಕಪ್ಪು ಪರದೆಯ ಕಿಟಕಿಯಲ್ಲಿ ಆಜ್ಞೆ ಬರೆಯುವಾಗ, ಪಾಸ್‌ವರ್ಡ್ ಕೇಳಿತು. ಎಷ್ಟು ಒತ್ತಿದರೂ ಒಂದಕ್ಷರವೂ ಮೂಡದಿದ್ದುದರಿಂದ ಕೀಬೋರ್ಡೇ ಸತ್ತಿತೆಂದು ಅದನ್ನು ಕಂಕುಳಲ್ಲಿ ಇರುಕಿಕೊಂಡು ಓಡಿ ಬಂದಿದ್ದ. “ಅಲ್ಲಿ ಕಾಣಿಸಲ್ಲಪ್ಪ, ಆದ್ರೆ ಅದು ಕೇಳಿಸ್ಕೊಳ್ತಿರುತ್ತೆ. ಧೈರ್ಯವಾಗಿ ಒತ್ತು,” ಎಂದು ಮೇಷ್ಟ್ರು ಅವನನ್ನು ಕೀಬೋರ್ಡಿನ ಸಮೇತ ವಾಪಸು ಕಳಿಸಿದ್ದರು. ಆವತ್ತಿನಿಂದ ಟೈಲರ್ ಲಿನಕ್ಸಿನ ಬಗ್ಗೆ ಯಾರು ಏನೇ ಕೇಳಿದರೂ, “ಅದು ಹಾಗೇ, ಕಾಣಿಸಲ್ಲ,” ಎನ್ನುತ್ತಿದ್ದ.

ಈ ಕೈ ಕಟ್ಟುವ ಪದ್ಧತಿ ಯಾರ ಕಣ್ಣೀರಿನಿಂದ ಹುಟ್ಟಿತೆಂದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಕಲಿಯಲು ಮಾತ್ರ ಕೂರಲಿಲ್ಲ. “ನಾಳೆ ನೋಡೋಣ” ಎಂದು ಒಗ್ಗರಣೆಯ ಹೊಗೆಯಲ್ಲಿ ಮುಖ ಮರೆಸಿಕೊಳ್ಳುತ್ತಿದ್ದರು.

*

ಕಂಪ್ಯೂಟರ್ ಇದ್ದದ್ದು ಪಕ್ಕದ ಸಣ್ಣ ಕೋಣೆಯಲ್ಲಿ. ಅಕ್ಕ ಕುರ್ಚಿ ಎಳೆದುಕೊಂಡು ಕೂತರು. ಹಿಂದೆ ಮಗಳು, ಟೈಲರ್, ಬೇಕರಿಯಮ್ಮ, ಡಾಕ್ಟರು ಒತ್ತೊತ್ತಾಗಿ ನಿಂತರು.

ಡಾಕ್ಟರು ಬೆಳಗಿನಿಂದ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಒದ್ದಾಡುತ್ತಿದ್ದರು. ಬಾಯಿ ತೆರೆಸುವುದೇ ಕಸುಬಾದವರಿಗೆ ತಮ್ಮ ಬಾಯಿ ತೆರೆಯುವುದು ಕಷ್ಟವಾಗಿತ್ತು.

“ಅಕ್ಕ... ನಿನ್ನೆ ಅವರು ಕೊನೇಲಿ ಮಾತಾಡ್ತಿದ್ದದ್ದು ನನ್ನ ಜೊತೆ. ಪ್ರಿಂಟರ್ ಸಿಗ್ತಾ ಇಲ್ಲ ಅಂತ ಫೋನ್ ಮಾಡಿದ್ದೆ. ‘ಈಗ ಏನು ಕಾಣ್ತಿದೆ?’ ಅಂದ್ರು. ನಾನು, ‘ಪ್ರಿಂಟರ್ ಹೆಸರು ಬಂತು ಮೇಷ್ಟ್ರೇ’ ಅಂದೆ. ಆಮೇಲೆ ಆ ಕಡೆಯಿಂದ ಮಾತೇ ಇಲ್ಲ. ನಾನು ಪೆದ್ದನ ಹಾಗೆ ಬಂತು, ಬಂತು ಅಂತ ಹೇಳ್ತಾನೇ ಇದ್ದೆ.” ಅವರ ದನಿ ಬಿರುಕು ಬಿಟ್ಟಿತು. “ನನ್ನ ಒಂದು ಪ್ರಿಂಟರ್‌ಗೋಸ್ಕರ ಅವರನ್ನ...”

ಅಕ್ಕ ಕುರ್ಚಿಯಲ್ಲೇ ತಿರುಗಿದರು. “ಈಗ ಕೆಲಸ ಮಾಡ್ತಿದೆಯಾ?”

“ಯಾವುದು?”

“ನಿಮ್ಮ ಪ್ರಿಂಟರ್ರು.”

“ಮಾಡ್ತಿದೆ ಅಕ್ಕ. ಚೆನ್ನಾಗಿ ಮಾಡ್ತಿದೆ.”

“ಹಾಗಿದ್ರೆ ಕೆಲಸ ಮುಗಿಸಿಕೊಂಡೇ ಹೋಗಿದಾರೆ. ಅರ್ಧಕ್ಕೆ ಬಿಟ್ಟು ಹೋಗಿದ್ರೆ ಅವರಿಗೆ ನಿದ್ದೆ ಬರ್ತಿರಲಿಲ್ಲ. ಕಣ್ಣು ಒರೆಸ್ಕೊಳ್ಳಿ. ಫೋಟೋ ಅದರಲ್ಲೇ ತೆಗೆಯೋಣ.”

ಡಾಕ್ಟರು ಕಣ್ಣು ಒರೆಸಿಕೊಂಡರು.

ಅಕ್ಕ ಯಂತ್ರದ ಗುಂಡಿ ಒತ್ತಿದರು. ಸ್ವಲ್ಪ ಹೊತ್ತು ಗೊರಗೊರ ಎಂದು, ಪರದೆ ಬೆಳಗಿತು. ಎರಡು ಹೆಸರು ಬಂದು ನಿಂತವು. ಮೇಲಿನದು ಮೇಷ್ಟ್ರದು, ಕೆಳಗಿನದು ‘ನಮ್ಮನೆಯವಳು’. ಅದನ್ನು ಕಂಡು ಬೇಕರಿಯಮ್ಮ ಸೆರಗು ಬಾಯಿಗಿಟ್ಟುಕೊಂಡರು. ಅತ್ತರೋ ನಕ್ಕರೋ ತಿಳಿಯಲಿಲ್ಲ.

ಅಕ್ಕ ಮೌಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಮೆಲ್ಲಗೆ ಸರಿಸಿ, ಎರಡನೆಯ ಹೆಸರನ್ನು ಒತ್ತಿದರು. ಪಾಸ್‌ವರ್ಡ್ ಬರೆಯುವ ಪಟ್ಟಿ ತೆರೆದುಕೊಂಡಿತು.

“ಎಲ್ಲರೂ ಗೋಡೆ ಕಡೆ ತಿರುಗಿ.”

“ನಾನೂನಾ ಅಮ್ಮ?” ಎಂದಳು ಮಗಳು.

“ನಿಮ್ಮಪ್ಪನೇ ತಿರುಗಿದ್ರು. ನೀನ್ಯಾವ ಲೆಕ್ಕ?”

ಎಲ್ಲರೂ ತಿರುಗಿದರು. ಯಾರೂ ಹೇಳಿಕೊಡದೆ ಎಲ್ಲರ ಕೈಗಳೂ ಬೆನ್ನ ಹಿಂದೆ ಹೋದವು. ಈ ಕೋಣೆಯಲ್ಲಿ ಕೈ ಇಡುವ ಜಾಗ ಅದೇ ಎಂಬುದು ಅವರಿಗೆ ರೂಢಿಯಾಗಿತ್ತು. ಅಷ್ಟರಲ್ಲಿ ಗಾಡಿಯ ಡ್ರೈವರ್ ಮೆಟ್ಟಿಲು ಹತ್ತಿ ಬಂದ. ಸಾವಿನ ಮನೆಯಲ್ಲಿ ನಾಲ್ಕು ಜನ ಕೈಕಟ್ಟಿ ಗೋಡೆಗೆ ಮೂಗು ತಾಗಿಸಿ ನಿಂತಿರುವುದನ್ನು ಬಾಗಿಲಲ್ಲಿ ನಿಂತು ನೋಡಿದ. ಏನೂ ಕೇಳದೆ, ಬಂದ ದಾರಿಯಲ್ಲೇ ಇಳಿದು ಹೋದ.

*

ಅಕ್ಕ ಕಲಿತದ್ದು ಒಂದೇ ಒಂದು ಪಾಠ. ಹೋದ ವರ್ಷ ಒಂದು ಮಧ್ಯಾಹ್ನ, ಕರೆಂಟಿನ ಬಿಲ್ಲು ತಪ್ಪಾಗಿದೆ ಎಂದು ಗಂಡನ ಜೊತೆ ವಾದಕ್ಕೆ ಬಿದ್ದಾಗ, ಅವರು ಪರದೆಯ ಮೇಲೆ ಲೆಕ್ಕದ ಯಂತ್ರವನ್ನು ತೆರೆದು, “ನೀನೇ ಕೂಡು,” ಎಂದು ಕುರ್ಚಿ ಬಿಟ್ಟುಕೊಟ್ಟಿದ್ದರು. ರೇಗಿದ ಭರದಲ್ಲಿ ಅಕ್ಕ ಕೂತೇಬಿಟ್ಟರು. ಕೀಬೋರ್ಡಿನ ಬಲತುದಿಯಲ್ಲಿ ಹಳೆಯ ಗೆಳತಿಯರಂತೆ ಅಂಕಿಗಳ ಗುಂಪು ಕಂಡಿತು. ಬೆರಳು ತಾನಾಗಿ ಓಡಿತು. ಬಿಲ್ಲು ಸರಿಯಾಗಿಯೇ ಇತ್ತು, ಅದು ಬೇರೆ ಮಾತು.

“ಇಷ್ಟು ಚೆನ್ನಾಗಿ ಒತ್ತೋಳಿಗೆ ಸ್ವಂತ ಜಾಗ ಬೇಡ್ವಾ?” ಎಂದು ಗಂಡ ಅಲ್ಲೇ ಅವರ ಹೆಸರಿನಲ್ಲಿ ಒಂದು ಖಾತೆ ಮಾಡಿಸಿದರು. ಪ್ರತಿಯೊಂದನ್ನೂ ಬಾಯಲ್ಲಿ ಹೇಳಿ, ಅಕ್ಕನ ಕೈಯಿಂದಲೇ. “ಈಗ ಪಾಸ್‌ವರ್ಡ್ ಹಾಕು. ಯಾರಿಗೂ ಹೇಳ್ಬೇಡ. ನನಗೂ ಹೇಳ್ಬೇಡ,” ಎಂದು ಗೋಡೆ ಕಡೆ ತಿರುಗಿ ನಿಂತರು.

ಅಕ್ಕ ಬರೀ ಅಂಕಿಗಳನ್ನೇ ಒತ್ತಿದರು. ಒಳಗೆ ಹೋದರು. ಅಲ್ಲಿ ಸಾಲಾಗಿ ಚಿತ್ರಗಳಿದ್ದವು. ಅದರಲ್ಲಿ ಕ್ಯಾಮರಾದಂತೆ ಕಂಡದ್ದನ್ನು ಸುಮ್ಮನೆ ಒತ್ತಿದರು. ಪರದೆಯ ತುಂಬ ತಮ್ಮದೇ ಮುಖ ಬಂದಾಗ ಬೆಚ್ಚಿ ಪಕ್ಕಕ್ಕೆ ವಾಲಿದರು. ಹಿಂದೆ ಗಂಡ ಕಂಡರು, ಬೆನ್ನು ಮಾಡಿ ಗೋಡೆಗೆ ನಿಂತ ಗಂಡ.

“ತಿರುಗಬಹುದಾ?” ಎಂದರು ಅವರು.

“ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಅಪ್ಪಣೆ ಕೇಳ್ತಿದೀರಾ. ತಿರುಗಿ!”

ಮೇಷ್ಟ್ರು ಗೊಳ್ಳೆಂದು ನಗುತ್ತ ತಿರುಗಿ, ಏನು ಮಾಡಿದ್ದಾಳೆಂದು ಬಗ್ಗಿ ನೋಡಿದರು. ಗಾಬರಿಯಲ್ಲಿ ಅಕ್ಕನ ಬೆರಳು ಎಲ್ಲಿಗೋ ತಾಗಿ, ಯಂತ್ರ ಕಟಕ್ ಎಂದು ಚಿತ್ರ ಹಿಡಿದುಬಿಟ್ಟಿತು.

“ಸಾಕು. ಉಳಿದದ್ದು ನಾಳೆ,” ಎಂದು ಅಕ್ಕ ಎದ್ದುಬಿಟ್ಟಿದ್ದರು. ಆ ನಾಳೆ ಬರಲಿಲ್ಲ. ಗಂಡ ಒತ್ತಾಯ ಮಾಡಲಿಲ್ಲ. ಮಾಡುವ ಪೈಕಿ ಅಲ್ಲ. ಮೊದಲ ದಿನ ಬಂದದ್ದು ಅದೃಷ್ಟದಿಂದ, ಎರಡನೆಯ ದಿನ ಕೂತರೆ ತಮ್ಮ ಬಣ್ಣ ಬಯಲಾಗುತ್ತದೆ ಎಂದು ಅಕ್ಕನಿಗೆ ಭಯ. ಗೆದ್ದ ಒಂದು ದಿನವನ್ನು ಜೋಪಾನವಾಗಿ ಎತ್ತಿಟ್ಟುಕೊಂಡುಬಿಟ್ಟಿದ್ದರು. ಇವತ್ತು ಆ ಎರಡನೆಯ ದಿನ.

*

“ಆಗ್ತಿಲ್ಲ,” ಎಂದರು ಅಕ್ಕ. “ತಪ್ಪು ಅಂತಿದೆ.”

“ಇನ್ನೊಂದ್ಸಲ ಹಾಕಿ ಅಕ್ಕ,” ಎಂದ ಟೈಲರ್ ಗೋಡೆಗೆ.

ಮತ್ತೆ ಒತ್ತಿದರು. ಮತ್ತೆ ತಪ್ಪು. ಕಚೇರಿಯ ಆ ಮೇಜು, ಕೆಳಗೆ ಬಿದ್ದ ಮೌಸು, ಸುತ್ತ ನಿಂತವರ ಮುಖಗಳೆಲ್ಲ ನಿನ್ನೆ ಮೊನ್ನೆಯವು ಎಂಬಂತೆ ಬಂದು ನಿಂತವು. ಕೆಳಗಿನಿಂದ ಗಾಡಿಯ ಹಾರನ್ ಸಣ್ಣಗೆ ಕೇಳಿಸಿತು.

“ಅಮ್ಮ, ಬಿಡು. ಈಗ ಇರೋ ಫೋಟೋ ಹಾಕೋಣ. ಇದನ್ನ ನಾಳೆ ನೋಡೋಣ,” ಎಂದಳು ಮಗಳು ಮೃದುವಾಗಿ.

“ನಾಳೆ ಅನ್ನಬೇಡ!” ಅಕ್ಕನ ದನಿ ಎಷ್ಟು ಜೋರಾಗಿ ಬಂತೆಂದರೆ ಅವರಿಗೇ ಗಾಬರಿಯಾಯಿತು. “ಇನ್ನೇನು ನಾಳೆ.”

ಟೈಲರನ ಬೆನ್ನ ಹಿಂದಿನ ಬೆರಳುಗಳು ಚಡಪಡಿಸಿದವು. ಬೇಕರಿಯಮ್ಮ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಗೋಡೆಗೆ ಮುಖ ಮಾಡಿಕೊಂಡೇ, ಮೇಷ್ಟ್ರು ಕೇಳುತ್ತಿದ್ದ ಅದೇ ನಿಧಾನದಲ್ಲಿ ಕೇಳಿದರು.

“ಅಕ್ಕ, ಈಗ ಏನು ಕಾಣ್ತಿದೆ?”

ಅಕ್ಕ ಪರದೆ ನೋಡಿದರು. “ಪಟ್ಟಿ ಕಾಣ್ತಿದೆ. ಖಾಲಿ ಪಟ್ಟಿ.”

“ಒತ್ತುವಾಗ ಅದರೊಳಗೆ ಚುಕ್ಕಿ ಬೀಳ್ತಿದೆಯಾ?”

“ಇಲ್ಲ.”

“ಅದು ಹಾಗೇ ಅಕ್ಕ, ಕಾಣಿಸಲ್ಲ,” ಎಂದ ಟೈಲರ್. “ಆದ್ರೆ ಅದು ಕೇಳಿಸ್ಕೊಳ್ತಿರುತ್ತೆ.”

“ಅದು ಕಪ್ಪು ಪರದೇಲಿ ಕಣಯ್ಯಾ! ಇಲ್ಲಿ ಚುಕ್ಕಿ ಬೀಳ್ಬೇಕು,” ಎಂದು ಬೇಕರಿಯಮ್ಮ ಗೋಡೆಯನ್ನೇ ಗದರಿಸಿ, ಮತ್ತೆ ಮೆತ್ತಗಾದರು. “ಅವಸರ ಬೇಡ ಅಕ್ಕ. ಆವತ್ತು ಹಾಕಿದಾಗ ಕಾಣ್ತಿದ್ದದ್ದು ಈಗ ಕಾಣದೇ ಇರೋದು ಏನಾದ್ರೂ ಇದೆಯಾ?”

ಅಕ್ಕ ಕೀಬೋರ್ಡನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಧೂಳು ಒರೆಸಿ ಒರೆಸಿ ಅದರ ಒಂದೊಂದು ಸಂದೂ ಅವರಿಗೆ ಪರಿಚಯ. ಬಲಗಡೆ, ಅಂಕಿಗಳ ಮೇಲ್ಭಾಗದಲ್ಲಿ ಒಂದು ಸಣ್ಣ ಗಾಜಿನ ಚುಕ್ಕೆ. ಆವತ್ತು ಅದು ಹಸಿರಾಗಿ ಉರಿಯುತ್ತಿತ್ತು. ಕಚೇರಿಯ ಕೂಡುವ ಯಂತ್ರದಲ್ಲೂ ಹಾಗೆಯೇ ಒಂದು ದೀಪವಿತ್ತು. ಅದು ಹತ್ತದೆ ಅಂಕಿ ಬೀಳುತ್ತಿರಲಿಲ್ಲ.

“ದೀಪ ಹತ್ತಿಲ್ಲ,” ಎಂದರು. ಯಾರಾದರೂ ಏನಾದರೂ ಹೇಳುವ ಮೊದಲೇ ಅಂಕಿಗಳ ಮೂಲೆಯ ಕೀಲಿಯನ್ನು ತಾವೇ ಒತ್ತಿದರು. ಹಸಿರು ದೀಪ ಹತ್ತಿತು. ಆಮೇಲೆ ಬಲಗೈ ತನ್ನ ಪಾಡಿಗೆ ತಾನು ಪಟಪಟ ಓಡಿತು. ಗೋಡೆ ನೋಡುತ್ತ ನಿಂತವರಿಗೆ ಆ ಸದ್ದಷ್ಟೇ ಕೇಳಿಸಿತು.

“ಈಗ ಏನು ಕಾಣ್ತಿದೆ ಅಕ್ಕ?” ಎಂದರು ಡಾಕ್ಟರು.

ಒಂದು ಕ್ಲಿಕ್. ಇನ್ನೊಂದು.

“ನಗ್ತಿದಾರೆ,” ಎಂದರು ಅಕ್ಕ.

“ತಿರುಗಬಹುದಾ?” ಎಂದ ಟೈಲರ್.

“ತಡಿ. ಸ್ವಲ್ಪ ಹೊತ್ತು ನಾನೊಬ್ಬಳೇ ನೋಡ್ತೀನಿ.”

ಅವರು ನೋಡಿದರು. ಯಾರೂ ತಿರುಗಲಿಲ್ಲ. ಮಗಳ ಭುಜ ಅಲುಗುತ್ತಿತ್ತು. ಬೇಕರಿಯಮ್ಮ ಕಟ್ಟಿದ ಕೈ ಬಿಚ್ಚಿ, ಅವಳ ಕೈ ಹಿಡಿದುಕೊಂಡರು.

ಆಮೇಲೆ ಪೆನ್‌ಡ್ರೈವ್ ಬಂತು. ಅದನ್ನು ಚುಚ್ಚಿದ್ದು, ಚಿತ್ರವನ್ನು ಅದರೊಳಗೆ ಹಾಕಿದ್ದು ಎಲ್ಲವೂ ಅಕ್ಕನೇ. ಸುತ್ತಲಿದ್ದವರದು ಬರೀ ಮಾತಿನ ಮೇಳ. ಕೆಲಸ ಮುಗಿದೊಡನೆ ಅಕ್ಕ ಅದನ್ನು ಸೆಳೆಯಲು ಹೋದಾಗ ಎಲ್ಲರೂ ಒಂದೇ ಬಾಯಲ್ಲಿ, “ಅಕ್ಕ! ಹೇಳಿ ತೆಗೀಬೇಕು!” ಎಂದು ಕೂಗಿದರು. ಮೇಷ್ಟ್ರಿಗೆ ಸಿಟ್ಟು ಬರುತ್ತಿದ್ದದ್ದು ಇದೊಂದಕ್ಕೇ. ‘ತೆಗೀತೀನಿ’ ಎಂದು ಮೊದಲು ಯಂತ್ರಕ್ಕೆ ತಿಳಿಸಬೇಕು, ಅದು ‘ಆಯಿತು’ ಎಂದ ಮೇಲೆ ಕೀಳಬೇಕು. ಹೇಳದೆ ಕಿತ್ತರೆ ಒಳಗಿದ್ದದ್ದು ಕೆಡುತ್ತದೆ.

“ಎಲ್ಲರಿಗೂ ಹೇಳಿ ತೆಗೀರಿ, ಹೇಳಿ ತೆಗೀರಿ ಅಂತಿದ್ರು,” ಎಂದರು ಅಕ್ಕ ಸರಿಯಾದ ಗುರುತನ್ನು ಹುಡುಕಿ ಒತ್ತುತ್ತ. “ತಾವು ಮಾತ್ರ ಹೇಳದೆ ಕೇಳದೆ ಎದ್ದು ಹೋದ್ರು.” ಅಷ್ಟು ಹೊತ್ತು ಬಿಗಿ ಹಿಡಿದದ್ದು ಆಗ ಸಡಿಲವಾಗಿ ಅತ್ತರು. ಅಳುತ್ತಲೇ, ಯಂತ್ರ ‘ಆಯಿತು’ ಎಂದ ಮೇಲೆ, ಪೆನ್‌ಡ್ರೈವನ್ನು ಮೆಲ್ಲಗೆ ತೆಗೆದು ಡಾಕ್ಟರ ಅಂಗೈಯಲ್ಲಿಟ್ಟರು.

ಡಾಕ್ಟರು ತಮ್ಮ ಕ್ಲಿನಿಕ್ಕಿಗೆ ಓಡಿದ್ದನ್ನು ಬೀದಿಯವರು ಅದೇ ಮೊದಲು ಕಂಡರು. ಮರಳಿ ಬಂದಾಗ ಕೈಯಲ್ಲಿ ಇನ್ನೂ ಬೆಚ್ಚಗಿದ್ದ ಹಾಳೆ. ಕೈ ಹಿಂದೆ ಕಟ್ಟಿ, ಬಗ್ಗಿ, ಕಣ್ಣು ಮುಚ್ಚಿಹೋಗುವಷ್ಟು ನಗುತ್ತಿರುವ ಮೇಷ್ಟ್ರು. ಚಿತ್ರದ ಮೂಲೆಯಲ್ಲಿ ಅಕ್ಕನ ಅರ್ಧ ಕಿವಿ. ಮಗಳು ಕಿವಿಯನ್ನು ಕತ್ತರಿಸೋಣವೇ ಎಂದಳು. ಯಾರೂ ಒಪ್ಪಲಿಲ್ಲ. ಹಳೆಯ ಫೋಟೋವನ್ನು ಚೌಕಟ್ಟಿನಿಂದ ತೆಗೆದು, ಅದರ ಜಾಗದಲ್ಲಿ ಇದನ್ನು ಕೂರಿಸಿದರು.

ಕೆಳಗೆ ಮೇಷ್ಟ್ರನ್ನು ಗಾಡಿಯಲ್ಲಿ ಮಲಗಿಸಿದ ಮೇಲೆ, ಮುಂಭಾಗದಲ್ಲಿ ಫೋಟೋ ಕಟ್ಟುವುದೊಂದು ಉಳಿಯಿತು. ಟೈಲರ್ ತನ್ನ ಅಂಗಡಿಯಿಂದ ಗಟ್ಟಿ ದಾರ ತಂದಿದ್ದ. ಅಕ್ಕ ಅದನ್ನು ಈಸಿಕೊಂಡು ಸುತ್ತತೊಡಗಿದರು. ಗಾಳಿಗೆ ಚೌಕಟ್ಟು ವಾಲಿತು. ಟೈಲರನ ಕೈ, ಬೇಕರಿಯಮ್ಮನ ಕೈ, ಮಗಳ ಕೈ, ಡಾಕ್ಟರ ಕೈ ಒಟ್ಟಿಗೇ ಮುಂದಕ್ಕೆ ಬಂದವು. ಅರ್ಧ ದಾರಿಯಲ್ಲಿ ನಿಂತು, ಒಟ್ಟಿಗೇ ಬೆನ್ನ ಹಿಂದೆ ಸರಿದವು. ಬೀದಿಯ ಆ ಬದಿಯಲ್ಲಿ ನಿಂತಿದ್ದ ಉಳಿದ ಶಿಷ್ಯರೂ ಅದನ್ನು ನೋಡಿ ಕೈ ಹಿಂದೆ ಕಟ್ಟಿದರು.

ಅಕ್ಕ ಹಾಕಿದ ಗಂಟು ಬಿಚ್ಚಿತು. ಮತ್ತೊಂದು ಹಾಕಿದರು, ಅದೂ ಸಡಿಲ. ಡ್ರೈವರ್ ಗಡಿಯಾರ ನೋಡಿಕೊಂಡು, “ಕೊಡಿ ಅಮ್ಮ, ನಾನು ಬೇಗ...” ಎಂದು ಕೈ ಚಾಚಿದ. ಅವನು ಸಾಲಾಗಿ ನಿಂತವರನ್ನು ನೋಡಿದ, ಚೌಕಟ್ಟಿನೊಳಗೆ ನಗುತ್ತ ನಿಂತವರನ್ನು ನೋಡಿದ. ನಿಧಾನವಾಗಿ ತನ್ನ ಕೈಗಳನ್ನೂ ಬೆನ್ನ ಹಿಂದಕ್ಕೆ ಒಯ್ದು, ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಅಕ್ಕ ದಾರದ ತುದಿಯನ್ನು ಮತ್ತೆ ಹುಡುಕಿಕೊಂಡರು.